ಹರಿಗೋಲಿನ ತಳ ಹರಿದ ದಿನ

ನಾನು ಚಿಕ್ಕವನಿದ್ದಾಗ ನಡೆದ ಒಂದು ದಿನದ ಮಾತನ್ನು ನಿಮಗೆ ಹೇಳದೆ ಮುಂದೂಡುತ್ತಲೇ ಬಂದೆ, ಮಕ್ಕಳೇ. ಬೇರೆಲ್ಲ ಕಥೆ ಹೇಳಿದೆ, ಇದೊಂದನ್ನು ನುಂಗಿಕೊಂಡೆ.

ಎಂಬತ್ತರ ದಶಕದ ಆರಂಭ. ಲಿಂಗಸುಗೂರು ಕಡೆ, ಕೃಷ್ಣೆಯ ನಡುಗಡ್ಡೆಯೊಂದರಲ್ಲಿ ನಮ್ಮ ಮನೆ. ದಡ ಸೇರಲು ಹರಿಗೋಲೇ ಗತಿ: ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಡಾಂಬರು ಬಳಿದ ಗೋಣಿತಟ್ಟು. ಬಿಸಿಲಿಗೆ ಆ ಡಾಂಬರಿನ ವಾಸನೆ ಮೈಗೆಲ್ಲ ಅಂಟುತ್ತಿತ್ತು. ಅಪ್ಪ ಜ್ವರದಿಂದ ಮಲಗಿದ ಮೇಲೆ ಹುಟ್ಟು ಹಿಡಿದವಳು ಹದಿನೇಳರ ಅಕ್ಕ. ಹುಡುಗಿಯೊಬ್ಬಳು ಹರಿಗೋಲು ನಡೆಸಿದ್ದನ್ನು ನಮ್ಮ ಹೊಳೆ ಅದುವರೆಗೆ ಕಂಡಿರಲಿಲ್ಲ. "ಒಮ್ಮೆ ತಪ್ಪಿದ್ರ ಸಾಕು, ಹುಟ್ಟು ಕಸ್ಕೊಂತೀನಿ" ಎಂದೇ ಅಪ್ಪ ಒಪ್ಪಿದ್ದ. ಅಕ್ಕನಿಗೆ ಅದು ಜೀವ.

ಒಂದು ಮಧ್ಯಾಹ್ನ ನಾನೂ ಅಕ್ಕನೂ ಆಚೆ ದಡದಲ್ಲಿದ್ದಾಗ ಸಿಂಧನೂರಿನ ಸಾಹೇಬರೊಬ್ಬರು ನಡುಗಡ್ಡೆ ನೋಡಲು ಬಂದರು. ಕೊರಳಲ್ಲಿ ಕ್ಯಾಮೆರಾ, ಕಾಲಲ್ಲಿ ಕಬ್ಬಿಣದ ಲಾಳ ಹೊಡೆದ ಬೂಟು.

"ಕಾಲ್ಮರಿ ಬಿಟ್ಟು ಹತ್ರಿ ಸಾಹೇಬ್ರ. ಹರಿಗೋಲು ನಮಗ ಗಂಗವ್ವ ಇದ್ದಂಗ" ಎಂದಳು ಅಕ್ಕ.

"ಕಾಲು ಸುಡ್ತಾವಲ್ಲವ್ವಾ!"

"ಸುಟ್ರ ಹೊಳ್ಯಾಗ ಇಳಿಬಿಡ್ರಿ, ಮೀನು ಊದ್ತಾವು" ಎಂದು ನಗುತ್ತ ಅವಳು ಹಗ್ಗ ಬಿಚ್ಚಲು ಹೋದಳು.

ಸಾಹೇಬರು ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿದರು. "ಹಂಗ ಹತ್ತಲೇನೋ?" ನನ್ನ ಕಾಲು ನೆಲದ ಮೇಲಿರಲಿಲ್ಲ. "ಹತ್ರಿ, ಅಕ್ಕಗ ಗೊತ್ತಾಗಂಗಿಲ್ಲ" ಎಂದೆ. ಅವರು ಹತ್ತಿ ಕೂತೊಡನೆ ಬೂಟಿನ ಮೇಲೆ ಖಾಲಿ ಚೀಲ ಹೊದಿಸಿದೆ.

ನಡುಹೊಳೆಯ ಸುಳಿಯಲ್ಲಿ ಹರಿಗೋಲು ಗಿರ್ರನೆ ತಿರುಗಿತು. ಸಾಹೇಬರು ಬೆದರಿ ಕಾಲು ಒತ್ತಿ ಹಿಡಿದರು. ಬೂಟಿನಡಿ ತಳ ಪರ್ ಎಂದು ಹರಿಯಿತು. ತಣ್ಣನೆಯ ನೀರು ನನ್ನ ಪಾದ ಮುಟ್ಟಿತು, ಮೊಣಕಾಲಿಗೇರಿತು. ಆಗಲೇ ಎದುರು ಬಂಡೆಯ ಮೇಲಿದ್ದ ಮೊಸಳೆ ಸದ್ದಿಲ್ಲದೆ ನೀರಿಗೆ ಜಾರಿತು. ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ನನ್ನ ಚಡ್ಡಿ ಒದ್ದೆಯಾದದ್ದು ಹೊಳೆಯ ನೀರಿನಿಂದಷ್ಟೇ ಅಲ್ಲ. ಅಕ್ಕ ಮುಂದೆ ನೋಡುತ್ತಿರುವಾಗ ಸಾಹೇಬರು ಬೂಟು ಕಳಚಿ ಹೊಳೆಗೆ ಬಿಟ್ಟರು. ತಿರುಗಿದ ಅಕ್ಕ ಆ ಚೀಲವನ್ನೇ ತೂತಿಗೆ ತುರುಕಿ ಹಿಮ್ಮಡಿಯಿಂದ ಒತ್ತಿ ಹಿಡಿದಳು. "ನೀರು ಹೊರಗ ಚೆಲ್ಲೋ, ಅಳಬ್ಯಾಡ!" ಹುಟ್ಟಿನ ಸಪ್ಪಳ, ಅವಳ ಏದುಸಿರು, ಅಷ್ಟೇ ಕೇಳುತ್ತಿತ್ತು.

ನಡುಗಡ್ಡೆಯ ದಡದಲ್ಲಿ ಅಪ್ಪ ನಡುಗುತ್ತ ನಿಂತಿದ್ದ. "ಹೆಂಗ ಹರೀತು?"

ಸಾಹೇಬರು ಬೇರೆಡೆ ನೋಡಿದರು. ನಾನು ಅಪ್ಪನ ಕೈಯ ಕೋಲಿಗೆ ಹೆದರಿ ಹೇಳಿಬಿಟ್ಟೆ: "ಅಕ್ಕ ಡಾಂಬರು ಸರಿ ಹಚ್ಚಿಲ್ಲಪ್ಪ."

ಅಕ್ಕ ನನ್ನನ್ನೊಮ್ಮೆ ನೋಡಿದಳು. ಅಪ್ಪ ಅವಳ ಕೈಯಿಂದ ಹುಟ್ಟು ಕಿತ್ತುಕೊಂಡ. "ಸಾಕು. ಇನ್ನ ಒಲಿ ಮುಂದ ಕೂಡು."

ಆ ವರ್ಷವೇ ಅವಳನ್ನು ಹೊಳೆಯಿಲ್ಲದ ಪಾಮನಕಲ್ಲೂರಿಗೆ ಮದುವೆ ಮಾಡಿಕೊಟ್ಟರು. ನೋಡಲು ಹೋದಾಗಲೆಲ್ಲ ದಾರಿಯ ಮಸ್ಕಿಯವರೆಗೂ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಅವಳು ರೊಟ್ಟಿ ಬಡಿಸುತ್ತ ಎದುರು ಕೂತರೆ ಅದೇ ಹೆದರಿಕೆ. ಹೇಳುವ ಮೊದಲೇ ಅವಳು ತೀರಿಕೊಂಡಳು.

ಹೋದ ಭಾನುವಾರ ನೀವು ನೋಡಿದ್ದು ಅದೇ ನಡುಗಡ್ಡೆ. ಈಗ ಪ್ರವಾಸಿಗರು ಊರವರ ಮನೆಯಲ್ಲೇ ಉಳಿದು, ಊರವರ ಹಾಡು ಕೇಳಿ, ಬರಿಗಾಲಲ್ಲೇ ಹರಿಗೋಲು ಹತ್ತುತ್ತಾರೆ. ಹಕ್ಕಿ ಗೂಡಿರುವ ಬಂಡೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಸುಳಿಯಲ್ಲಿ ತಿರುಗಿದಾಗ ನೀವು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಕೇಕೆ ಹಾಕಿದಿರಿ, ನಾನು ಅಂಚು ಬಿಗಿಹಿಡಿದಿದ್ದೆ. "ಈ ಹೊಳ್ಯಾಗ ಹುಟ್ಟು ಹಿಡಿದ ಮೊದಲ್ನೇ ಹುಡುಗಿ ನಾನ" ಎಂದು ನಮ್ಮ ಹರಿಗೋಲು ನಡೆಸುವವಳು ಹೆಮ್ಮೆಯಿಂದ ಹೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊದಲನೆಯವಳು ಅವಳಲ್ಲ, ಮಕ್ಕಳೇ. ನನ್ನ ಅಕ್ಕ, ಹುಲಿಗೆಮ್ಮ.