ಹುರುಳಿ ಹಾಸಿದ ರಸ್ತೆ

“ಹೌದು ಕಣ್ರೀ, ರಸ್ತೆಗೆ ಹುರುಳಿ ಹಾಸಿದ್ದು ನಾನೇ!” ಎಂದು ಅಜ್ಜಿಯೊಬ್ಬರು ಎದ್ದು ನಿಂತಾಗ ಪುರಸಭೆಯ ಸಭೆಯಲ್ಲಿ ಎಲ್ಲರೂ ತಿರುಗಿ ನೋಡಿದರು.

ಬಜೆಟ್‌ಗೆ ಮುಂಚೆ ಊರವರ ಸಲಹೆ ಕೇಳಲು ಕರೆದಿದ್ದ ಸಭೆ ಅದು. ಚರಂಡಿ ಕ್ಲೀನ್ ಮಾಡುವ ಮಷಿನ್ ಕೊಳ್ಳುವ ಚರ್ಚೆ ಆಗಷ್ಟೇ ಮುಗಿದು, ನನ್ನ ದೂರನ್ನು ಕೈಗೆತ್ತಿಕೊಂಡಿದ್ದರು. ಗಾಡಿಗಳು ಹಾಯ್ದು ಕಾಳು ಉದುರಲೆಂದು ಅಜ್ಜಂಪುರ ರಸ್ತೆಯ ತಿರುವಿನಲ್ಲಿ ಹರಡಿದ್ದ ಹುರುಳಿ ಗಿಡದ ಮೇಲೆ ನನ್ನ ಬೈಕ್ ಜಾರಿ, ಕೈ ಮುರಿದಿತ್ತು. ರಸ್ತೆಯಲ್ಲಿ ಒಕ್ಕಣೆ ನಿಲ್ಲಿಸಿ ಎಂದು ಬ್ಯಾಂಡೇಜ್ ಕಟ್ಟಿದ ಕೈಯಲ್ಲೇ ದೂರು ಕೊಟ್ಟಿದ್ದೆ.

ಅಜ್ಜಿ ನನ್ನತ್ತ ತಿರುಗಿದರು. “ನೀನು ಬಿದ್ದಿದ್ದಕ್ಕೆ ನಂಗೂ ಸಂಕಟ ಆಯ್ತು ಕಣಪ್ಪಾ. ಆದ್ರೆ ಹುರುಳಿ ಹಾಸಿದ್ ದಿನ್ವೇ ಗಾಡಿಗಳು ನಿಧಾನಕ್ಕೆ ಬರೋದು, ನಮ್ ಮಕ್ಳು ಇಸ್ಕೂಲಿಗೆ ರಸ್ತೆ ದಾಟೋದು. ಅಲ್ಲೊಂದು ಹಂಪು ಹಾಕ್ಸಿ, ನಾಳೆಯಿಂದ್ಲೇ ಕಣದಲ್ಲಿ ಹಾಕ್ಕೊಂಡು ಬಡಿತೀನಿ.”

“ನಿಮ್ ದೂರು ಹಂಗೇ ಇರ್ಲಾ ಸಾರ್, ವಾಪಸ್ ತಗೊಂತೀರಾ?” ಗುಮಾಸ್ತರು ಪೆನ್ನು ಹಿಡಿದು ಕೇಳಿದರು. ಇರಲಿ ಅನ್ನಲೋ, ಬೇಡ ಅನ್ನಲೋ ತೋಚದೆ, ಯೋಚಿಸಿ ಹೇಳ್ತೀನಿ ಎಂದು ಎದ್ದು ಬಂದೆ.

ಕೈ ಈಗ ಕೂಡಿಕೊಂಡಿದೆ, ಗೊಂದಲ ಮಾತ್ರ ಹಾಗೇ ಇದೆ. ಆ ತಿರುವಿನಲ್ಲಿ ನಾನೆಷ್ಟು ಜೋರಾಗಿ ಬರುತ್ತಿದ್ದೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕಣ್ಣಾರೆ ಕಂಡಿದ್ದ ಆ ಅಜ್ಜಿಯೂ ಹೇಳಲಿಲ್ಲ.