ಭಾವ ತೋರಿಸಿದ ಚೈನ್ ಮಿಷನ್ನು

ನಮ್ಮ ಹಿಪ್ಪುನೇರಳೆ ತೋಟ ಇರುವುದು ಶಿಡ್ಲಘಟ್ಟದ ಹತ್ತಿರ, ಕೆರೆಯ ಕೆಳಗೆ. ಅರ್ಧ ಜೌಗು, ಅರ್ಧ ಕಲ್ಲು. ಹಳೇ ಗಿಡಗಳ ಬುಡ ಕೀಳಿಸುವುದಕ್ಕೆ ಬಾಡಿಗೆಗೆ ಕರೆಸುತ್ತಿದ್ದ, ಮಣ್ಣು ಅಗೆಯುವ ಟೈರಿನ ಗಾಡಿ ಪ್ರತಿ ಸಲವೂ ಜೌಗಿನಲ್ಲಿ ಹೂತುಕೊಳ್ಳುತ್ತಿತ್ತು. ಅದನ್ನು ಎಳೆಯಲು ಎರಡು ಟ್ರ್ಯಾಕ್ಟರ್ ಬರಬೇಕು. ಕಬ್ಬಿಣದ ಪಟ್ಟಿಯ ಮೇಲೆ ಓಡಾಡುವ ಚೈನ್ ಮಿಷನ್ನಿಗೆ ಆ ತೊಂದರೆ ಇಲ್ಲ, ಆದರೆ ನಮ್ಮ ಕಡೆ ಇರುವ ಒಂದೆರಡು ಮಿಷನ್ನುಗಳು ಲೇಔಟ್ ಕೆಲಸಕ್ಕೆ ಹೋದವೆಂದರೆ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ನಮ್ಮ ಯಜಮಾನರು ರಿಟೈರಾದ ವರ್ಷ ನಾನೇ ಮಾತೆತ್ತಿದೆ. ಸೆಕೆಂಡ್ ಹ್ಯಾಂಡಿನಲ್ಲಿ ಸಣ್ಣದೊಂದನ್ನು ತಗೊಂಡರೆ ನಮ್ಮ ಕೆಲಸವೂ ಆಗುತ್ತದೆ, ಸುತ್ತಲಿನವರಿಗೆ ಬಾಡಿಗೆಗೂ ಕಳಿಸಬಹುದು ಅಂದೆ. ಅವರು ಒಪ್ಪಿದರು.

ಒಪ್ಪಿದ ದಿನವೇ ಅವರು ಫೋನ್ ಮಾಡಿದ್ದು ನಮ್ಮ ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ. ಭಾವ ಗೌರಿಬಿದನೂರಿನವರು. ಹಿಂದೆ ಲಾರಿ ಇಟ್ಟಿದ್ದವರು. ನಮ್ಮ ಬಳಗದಲ್ಲಿ ಯಾರೇ ಟ್ರ್ಯಾಕ್ಟರ್ ತಗೊಳ್ಳಲಿ, ಪಂಪ್‌ಸೆಟ್ ತಗೊಳ್ಳಲಿ, ಜೊತೆಯಲ್ಲಿ ಭಾವ ಇರಲೇಬೇಕು. ನಮ್ಮಪ್ಪ ತೀರಿಕೊಂಡ ಮೇಲೆ ನನ್ನ ಮದುವೆಗೆ ಓಡಾಡಿದವರೂ ಅವರೇ. ನಾಲ್ಕು ದಿನಕ್ಕೆ ಅವರಿಂದ ಫೋನು ಬಂತು. ಗೌರಿಬಿದನೂರಿನ ಆಚೆ ಹಳೇ ಗಾಡಿ ಮಾರುವ ಒಂದು ಯಾರ್ಡಿನಲ್ಲಿ ಒಳ್ಳೇ ಮಿಷನ್ನು ಬಂದಿದೆಯಂತೆ, ತಾವೂ ನೋಡಿಲ್ಲ, ಗೊತ್ತಿದ್ದವರು ಹೇಳಿದ್ದು, ಬೇಗ ಹೋಗದಿದ್ದರೆ ಕೈತಪ್ಪುತ್ತದೆ ಎಂದರು.

ಹೊರಡುವ ಮುಂಚೆ ನಾನು ಇನ್ನೊಬ್ಬರನ್ನು ಕೇಳಿದ್ದೆ. ನಮ್ಮ ಜಮೀನಿಗೆ ವರ್ಷಾನುಗಟ್ಟಲೆಯಿಂದ ಬಾಡಿಗೆ ಗಾಡಿ ತರುತ್ತಿದ್ದ, ಚಿಂತಾಮಣಿ ಕಡೆಯ ವಯಸ್ಸಾದ ಡ್ರೈವರು. ಆತ ಹೇಳಿದ್ದಿಷ್ಟು: "ಬಣ್ಣ ನೋಡಬೇಡಕ್ಕಾ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸು, ಹೊಗೆ ಆಗಲೇ ಗೊತ್ತಾಗೋದು. ಮಿಷನ್ನಿನ ಕೈ ಮೇಲೆತ್ತಿಸಿ ಇಂಜಿನ್ ಆಫ್ ಮಾಡಿಸಿ ಸುಮ್ನೆ ನೋಡ್ತಾ ನಿಂತ್ಕೋ. ತಾನಾಗೇ ಕೆಳಗಿಳಿದ್ರೆ ಒಳಗಡೆ ಆಯಿಲ್ ತಡೆಯೋ ಸೀಲು ಹೋಗಿದೆ ಅಂತ ಅರ್ಥ."

ಭಾವನನ್ನೂ ಹತ್ತಿಸಿಕೊಂಡು ಯಾರ್ಡಿಗೆ ನಾವು ಮುಟ್ಟಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಮಿಷನ್ನು ಅರಿಶಿನ ಬಳಿದ ಹಾಗೆ ಹೊಳೆಯುತ್ತಿತ್ತು. ನಾನು ಇಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಕೈ ಸುಡುವಷ್ಟು ಬಿಸಿ ಇತ್ತು. ಜಾಗ ಬದಲಾಯಿಸಬೇಕಿತ್ತು, ಅದಕ್ಕೆ ಈಗ ತಾನೇ ಸ್ಟಾರ್ಟ್ ಮಾಡಿದ್ವಿ ಎಂದ ಯಾರ್ಡಿನವನು. ಕೇಳಿದ್ದು ನಾನು, ಅವನು ಉತ್ತರ ಕೊಟ್ಟಿದ್ದು ನಮ್ಮ ಯಜಮಾನರಿಗೆ. ಇಡೀ ಬೆಳಿಗ್ಗೆ ಹಾಗೇ ನಡೆಯಿತು. ಮೀಟರ್ ನೋಡಿದರೆ ಮಿಷನ್ನು ಹೆಚ್ಚು ಓಡಿಯೇ ಇಲ್ಲ. ಆದರೆ ಒಳಗೆ ಹತ್ತಿ ನೋಡಿದಾಗ ಕಾಲಿಡುವ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಸೀಟಿಗೆ ಹೊಸ ಕವರ್ ಹಾಕಿದ್ದರು. ಅದನ್ನು ಒತ್ತಿದರೆ ಕೆಳಗೆ ಸ್ಪಂಜೇ ಇಲ್ಲ.

ಇಳಿದು ಬಂದು ಕೆಳಭಾಗದ ಮೂಲೆಯೊಂದನ್ನು ಉಗುರಿನಿಂದ ಕೆರೆದೆ. ಬಣ್ಣ ಹಪ್ಪಳದಂತೆ ಎದ್ದು ಬಂತು. ಅದರ ಅಡಿಯಲ್ಲಿ ಒಣಗಿದ ಕೆಸರು. ಕೆಸರಿನೊಳಗೆ ಹುಲ್ಲಿನ ಬೇರು. ತೊಳೆಯುವಷ್ಟೂ ವ್ಯವಧಾನವಿಲ್ಲದೆ ಮಣ್ಣಿನ ಮೇಲೇ ಹಳದಿ ಹೊಡೆದಿದ್ದರು. ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡ ಆ ಹೊಸ ಬಣ್ಣವನ್ನು ಸೆರಗಿಗೆ ಒರೆಸಿದೆ. ಮೋಸ ಮಾಡುವುದಕ್ಕೂ ಒಂದು ಶ್ರದ್ಧೆ ಬೇಡವೇ? ಎದುರಿಗೆ ಬರುವವರು ಇಷ್ಟು ದಡ್ಡರೆಂದು ಅವನು ಖಾತ್ರಿಯಾಗಿ ನಂಬಿದ್ದ.

ಭಾವ ಮಾತ್ರ ಮಿಷನ್ನಿನ ಸುತ್ತ ಎರಡು ಸುತ್ತು ಹಾಕಿ, ಇಂಥದ್ದು ಹುಡುಕಿದರೂ ಸಿಗುವುದಿಲ್ಲ ಅಂದರು. ಮಣ್ಣು ತೋರಿಸಿದೆ. ಕೆಲಸ ಮಾಡುವ ಗಾಡಿ ಅಂದಮೇಲೆ ಮಣ್ಣಿರದೇ ಇರುತ್ತಾ ಎಂದು ನಕ್ಕರು. ಕೈ ಮೇಲೆತ್ತಿಸಿ ಇಂಜಿನ್ ಆಫ್ ಮಾಡಿಸಿ ಎಂದು ನಾನು ಪಟ್ಟು ಹಿಡಿದೆ. ಯಾರ್ಡಿನವನು ಒಲ್ಲದ ಮನಸ್ಸಿನಿಂದ ಎತ್ತಿಸಿ, ಅಷ್ಟರಲ್ಲಿ ಟೀ ಕುಡಿಯೋಣ ಬನ್ನಿ ಎಂದು ಕರೆದ. ರಸ್ತೆಯಾಚೆಯ ಅಂಗಡಿಯ ಕಡೆ ತಿರುಗಿ ಕೂಗಿದ: "ನಾಲ್ಕು ಟೀ. ನಮ್ಮಣ್ಣನಿಗೆ ಸಕ್ಕರೆ ಇಲ್ದೆ."

ಸಕ್ಕರೆ ಕಾಯಿಲೆ ಇರುವುದು ಭಾವನಿಗೆ. ಅದನ್ನು ಅವನಿಗೆ ನಾವ್ಯಾರೂ ಹೇಳಿರಲಿಲ್ಲ. ಆ ಯಾರ್ಡನ್ನೇ ನೋಡಿಲ್ಲ ಎಂದಿದ್ದ ಭಾವ ಲೋಟ ಹಿಡಿದು, ನನ್ನ ಮುಖ ನೋಡದೆ ಕುಡಿಯುತ್ತ ನಿಂತರು. ನಾನು ಮಿಷನ್ನಿನ ಕಡೆ ನೋಡಿದೆ. ಮೇಲಿದ್ದ ಕೈ ಸದ್ದಿಲ್ಲದೆ ಇಳಿಯುತ್ತಿತ್ತು. ಟೀ ಮುಗಿಯುವುದರೊಳಗೆ ಅದರ ತುದಿಯ ಬಕೆಟ್ಟು ನೆಲ ಮುಟ್ಟಿತು. ಆಯಿಲ್ ತಣ್ಣಗಿದ್ದರೆ ಹಾಗಾಗುತ್ತೆ ಅಂದ ಯಾರ್ಡಿನವನು.

ಯೋಚನೆ ಮಾಡಿ ಹೇಳುತ್ತೇವೆಂದು ಹೊರಟೆವು. ಕಾರು ಸ್ವಲ್ಪ ದೂರ ಹೋದ ಮೇಲೆ, ಮುಂದಿನ ಸೀಟಿನಲ್ಲಿದ್ದ ಭಾವನನ್ನು ಹಿಂದಿನಿಂದ ಕೇಳಿದೆ. "ಎಷ್ಟು ಕೊಡ್ತೀನಿ ಅಂದಿದ್ದಾನೆ ಭಾವ?"

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಮೇಲಾಗುತ್ತಿತ್ತು. ಮಗುವಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದರು: "ಯಾರ ಹತ್ರ ತಗೊಂಡ್ರೂ ಮಧ್ಯದವನಿಗೆ ಕಮಿಷನ್ ಹೋಗೇ ಹೋಗುತ್ತೆ ಕಣಮ್ಮ. ಯಾರೋ ತಿನ್ನೋದನ್ನ ನಾನು ತಗೊಂಡ್ರೆ, ಮನೆ ದುಡ್ಡು ಮನೇಲೇ ಉಳಿದಂಗಲ್ವಾ?"

ನಮ್ಮ ಯಜಮಾನರು ರಸ್ತೆ ನೋಡುತ್ತ ಗಾಡಿ ಓಡಿಸುತ್ತಿದ್ದರು. ಅಕ್ಕ ಮನೆಯಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು ಮಾಡಿ ಕಾಯುತ್ತಿದ್ದಳು. ಭಾವ ಕೈತೊಳೆದು ಬಂದು ಎಂದಿನಂತೆ ಊಟ ಮಾಡಿದರು, ಇನ್ನೊಂದು ಸೌಟು ಸಾರೂ ಹಾಕಿಸಿಕೊಂಡರು. ನನ್ನ ಮದುವೆಯಲ್ಲಿ ಚಪ್ಪರದವನಿಂದ, ಅಡುಗೆಯವನಿಂದ ಇವರು ಏನು ತಗೊಂಡಿರಬಹುದು ಎಂಬ ಯೋಚನೆ ಬಂತು. ಅಂಥ ಯೋಚನೆ ಬಂತಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ವಾಪಸು ಬರುವಾಗ ನಮ್ಮ ಯಜಮಾನರು ಬಾಯಿಬಿಟ್ಟರು. ಆ ಮಿಷನ್ನು ಬೇಡ, ಆದರೆ ಈ ವಿಷಯ ಯಾರ ಮುಂದೆಯೂ ಎತ್ತಬೇಡ, ಸಂಬಂಧ ಕೆಡುತ್ತೆ ಎಂದರು. ಕೆಡದೆ ಇನ್ನೇನು ಉಳಿದಿದೆ ಎಂದು ಕೇಳಿದೆ.

ಎರಡು ತಿಂಗಳ ಮೇಲೆ ತೊಂಡೇಬಾವಿ ಹತ್ತಿರದ ರೈತರೊಬ್ಬರ ಮಿಷನ್ನು ಮಾರಾಟಕ್ಕಿದೆಯೆಂದು ಚಿಂತಾಮಣಿ ಕಡೆಯ ಆ ಡ್ರೈವರು ತಿಳಿಸಿದ. ಅವರು ದೊಡ್ಡದನ್ನು ತಗೊಂಡಿದ್ದರಿಂದ ಸಣ್ಣದನ್ನು ಕೊಡುತ್ತಿದ್ದರು. ಬಣ್ಣ ಹೋಗಿ ತುಕ್ಕು ಹಿಡಿದ ಮಿಷನ್ನು. ನಾನು ಇಂಜಿನ್ನಿನ ಮೇಲೆ ಕೈಯಿಟ್ಟಿದ್ದನ್ನು ನೋಡಿ ಅವರೇ ಹೇಳಿದರು, "ತಣ್ಣಗಿದೆ ತಾಯಿ. ನಿನ್ನೆಯಿಂದ ಸ್ಟಾರ್ಟ್ ಮಾಡಿಲ್ಲ." ಎಡಗಡೆ ಚೈನಿನೊಳಗಿನ ಒಂದು ರೋಲರ್‌ನಿಂದ ಆಯಿಲ್ ಜಿನುಗುತ್ತದೆ, ಬಕೆಟ್ಟಿನ ಪಿನ್ನು ಸವೆದಿದೆ, ಅವೆರಡನ್ನೂ ಮಾಡಿಸಲೇಬೇಕು ಎಂದೂ ಹೇಳಿದರು. ನಾನು ನಂಬಲಿಲ್ಲ. ಇಷ್ಟು ಹೇಳುವವನು ಇನ್ನೆಷ್ಟು ಮುಚ್ಚಿಟ್ಟಿರಬೇಕು ಅಂದುಕೊಂಡೆ. ಡ್ರೈವರ್ ಕೈಯಲ್ಲಿ ಮಧ್ಯಾಹ್ನದವರೆಗೂ ಮಿಷನ್ನನ್ನು ಹಿಂದೆ ಮುಂದೆ ಓಡಿಸಿದೆ, ತಿರುಗಿಸಿದೆ, ಗುಂಡಿ ತೋಡಿಸಿದೆ. ನಡುನಡುವೆ ಒಂದೇ ಪ್ರಶ್ನೆಯನ್ನು ಮೂರು ರೀತಿಯಲ್ಲಿ ಕೇಳಿದೆ. ಮೊದಲು ನಗುನಗುತ್ತ ಮಾತಾಡುತ್ತಿದ್ದ ಆ ರೈತರು ಕೊನೆಕೊನೆಗೆ ಹೂಂ, ಉಹೂಂ ಎನ್ನುವಷ್ಟಕ್ಕೆ ಇಳಿದರು. ಅವರು ಹೇಳಿದ ಎರಡು ಬಿಟ್ಟರೆ ಮೂರನೇ ದೋಷ ಸಿಗಲಿಲ್ಲ. ತಗೊಂಡೆವು. ಆದರೆ ಕಾಗದಕ್ಕೆ ಸಹಿ ಹಾಕಿ ಎದ್ದವರು ಮನೆಯೊಳಗೆ ಬನ್ನಿ ಅಂತ ಕರೆಯಲಿಲ್ಲ. ನನಗೆ ಅದು ಚುಚ್ಚಿತು.

ಮಿಷನ್ನಿನ ಪೂಜೆಯ ದಿನ ಭಾವ ಬಂದರು. ನಿಂಬೆಹಣ್ಣು ಇಟ್ಟಿದ್ದ ಚೈನಿನ ಪಕ್ಕದಲ್ಲಿ ನಿಂತು, ಎಂಥ ಗಾಡಿ ಕೊಡಿಸಿದ್ದೀನಿ ನೋಡಿ ಎಂದು ನೆಂಟರಿಗೆಲ್ಲ ತೋರಿಸಿದರು. ಅಕ್ಕ ನನ್ನ ಕೈ ಹಿಡಿದು, "ನಿಮ್ಮ ಭಾವ ಅಲೆದಿದ್ದು ಸಾರ್ಥಕ ಆಯ್ತು ಕಣೇ" ಅಂದಳು. ನಾನು ಹೌದು ಅಂದೆ. ಯಾರ್ಡಿನವನ ಬಣ್ಣಕ್ಕೂ ನನ್ನ ಆ ಮಾತಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಅದನ್ನು ಬಹಳ ದಿನ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಚಿಕ್ಕಪ್ಪನ ಮಗ ಹಳೇ ಟ್ರ್ಯಾಕ್ಟರ್ ತಗೊಳ್ಳೋಕೆ ಭಾವನನ್ನು ಕರೆದುಕೊಂಡು ಹೋಗುತ್ತೀನಿ ಎಂದಾಗ, ಬೇಡ ಅಂದೆ. ಯಾಕೆ ಅಂತ ಕೇಳಿದ. ಎಲ್ಲ ಹೇಳಿಬಿಟ್ಟೆ. ವಾರದೊಳಗೆ ಅದು ಅಕ್ಕನ ಕಿವಿಗೆ ಬಿತ್ತು. ಅವಳು ಫೋನ್ ಮಾಡಿ, ಅಳದೆ, ಕೂಗದೆ ಕೇಳಿದಳು: "ಇದನ್ನ ಮೊದಲು ಹೇಳಬೇಕಾಗಿದ್ದು ನನಗಲ್ವಾ? ಊರವರ ಬಾಯಲ್ಲಿ ಕೇಳೋ ಹಂಗೆ ಮಾಡಿದ್ಯಲ್ಲ."

ಆಮೇಲೆ ಹಬ್ಬಕ್ಕೆ ನಾನೇ ಗೌರಿಬಿದನೂರಿಗೆ ಹೋಗಿಬಂದೆ. ಅಕ್ಕ ಮಾತಾಡಿಸಿದಳು, ಕುಂಕುಮ ಕೊಟ್ಟಳು. ಭಾವ ಮನೆಯಲ್ಲಿರಲಿಲ್ಲ. ಯಾರಿಗೋ ಬೋರ್‌ವೆಲ್ ಮೋಟಾರ್ ಕೊಡಿಸಲು ಹೋಗಿದ್ದಾರೆ ಎಂದಳು. ಹಾಗೆನ್ನುವಾಗ ಅವಳು ತಲೆ ಎತ್ತಲಿಲ್ಲ.