ಅರ್ಧ ಸವೆದ ವಿಭೂತಿ

"ಬಾಈ, ಅಸ್ಥೀ ಇಥೇ ಸೋಡೂ ನಕಾ."

ಉನಕೇಶ್ವರದ ಬಿಸಿನೀರಿನ ಕುಂಡದ ಮೆಟ್ಟಿಲ ಮೇಲೆ ನಾನು ಬಟ್ಟೆಯ ಗಂಟು ಬಿಚ್ಚಿದ್ದೆನಷ್ಟೇ. ಕಾವಲಿನ ಹೆಂಗಸು ಬಂದು ಅಸ್ಥಿ ಇಲ್ಲಿ ಬಿಡಬೇಡಿ ಎಂದು ಮರಾಠಿಯಲ್ಲಿ ತಡೆದಳು. ತಪ್ಪು ಅವಳದಲ್ಲ. ಬಿಳಿ ಬಟ್ಟೆ, ಒಳಗೆ ಬೂದಿ, ಅಳುಮುಖದ ನಾನು. ಇನ್ನೇನು ತಿಳಿಯಬೇಕು?

ಅದು ನನ್ನ ಯಜಮಾನರ ವಿಭೂತಿ ಗಟ್ಟಿ. ನಮ್ಮೂರು ಕಾಸಾರಶಿರಸಿಯಿಂದ ಬರುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೆ ಅಂಚು ಪುಡಿಯಾಗಿತ್ತು.

"ಅಸ್ಥೀ ನಾಹೀತ, ಆಮ್ಹೀ ಮಾತೀ ದೇತೋ" ಎಂದರು ಜೊತೆಗೆ ಬಂದಿದ್ದ ಅಕ್ಕ, ಅಂದರೆ ಯಜಮಾನರ ಅಕ್ಕ. ಹೌದು, ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಯಜಮಾನರ ಕೊರಳ ಲಿಂಗವೂ ಅಂಗೈಯಲ್ಲಿ ಅವರ ಜೊತೆಗೇ ಮಣ್ಣಿಗೆ ಹೋಯಿತು. ನೀರಿಗೆ ಬಿಡಲು ಏನೂ ಉಳಿಯುವುದಿಲ್ಲ. ನನಗೆ ಉಳಿದದ್ದು ಈ ಅರ್ಧ ಗಟ್ಟಿ.

ಹೋದವರ ಚಪ್ಪಲಿ, ಕನ್ನಡಕ, ಸ್ವಿಚ್ ಆಫ್ ಆದ ಮೊಬೈಲ್. ನಿಮ್ಮ ಮನೆಯಲ್ಲೂ ಇರಬಹುದು. ಏನು ಮಾಡಿದಿರಿ?

ನಾನು ಎಂಟು ತಿಂಗಳು ಏನೂ ಮಾಡಲಿಲ್ಲ. ಅವರ ಮೂರು ಬೆರಳು ತಿಕ್ಕಿ ಗಟ್ಟಿಯ ನಡುವೆ ತಗ್ಗು ಬಿದ್ದಿತ್ತು. ನಾನು ಹಚ್ಚಿಕೊಂಡರೆ ಆ ತಗ್ಗು ನನ್ನದಾಗುತ್ತದೆ ಎಂಬ ಹೆದರಿಕೆ. (ಹುಚ್ಚು ಅನ್ನಿ ಬೇಕಾದರೆ.) ಮೊಣಕಾಲು ನೋವಿಗೆಂದು ಅವರು ಪ್ರತಿ ಚಳಿಗಾಲ ಈ ನೀರಿಗೆ ಬರುವ ಪ್ಲಾನ್ ಹಾಕುತ್ತಿದ್ದರು. ಬರಲಿಲ್ಲ. ಅವರದೊಂದು ವಸ್ತುವಾದರೂ ಇಲ್ಲಿ ಕರಗಲಿ ಅಂದುಕೊಂಡಿದ್ದೆ.

"ಏನೂ ಬಿಡಬ್ಯಾಡ ಅಂತಾಳ. ಕಟ್ಟಿ ಇಡು, ಮೈ ತೊಳಿ" ಎಂದರು ಅಕ್ಕ.

ನೀರಿಗಿಳಿದೆ. ಮೇಲೆ ಸಾಗವಾನಿ ಗುಡ್ಡ, ಮುಖಕ್ಕೆ ಹಬೆ. ಬೆನ್ನು ಸಡಿಲವಾಯಿತು. ಹಿತವಾಯಿತು ಎಂದು ಬರೆಯಲು ಇವತ್ತೂ ನಾಚಿಕೆ.

ಸೀರೆ ಬದಲಿಸಿ ಪೂಜೆಗೆ ಕೂತೆ. ಚೀಲ ತಡಕಿದೆ. ನನ್ನ ವಿಭೂತಿ ಇಲ್ಲ.

"ಅವಂದು ಬಟ್ಟಿಯಾಗ ಸುತ್ಕೊಂಡ್ ತಂದಿ, ನಿಂದು ಮನ್ಯಾಗ ಮರ್ತಿ. ಭಾರಿ ಶಾಣ್ಯಾಕಿ ಇದ್ದಿ ತಂಗಿ. ಇಬತ್ತಿ ಇಲ್ದ ಪೂಜಾ ಮಾಡ್ತಿ? ಪೂಜಾ ಇಲ್ದ ಉಣ್ತಿ?"

ನಾನು ಚೀಲವನ್ನು ಮತ್ತೊಮ್ಮೆ ತಡಕಿದೆ.

"ಅದನ್ನೇ ಬಿಚ್ಚು."

"ಅವರ ಬೆರಳಿನ ಗುರ್ತು ಹೋಗ್ತದ ಅಕ್ಕಾ."

"ನೀರಾಗ ಬಿಟ್ಟಿದ್ರ ಇರ್ತಿತ್ತೇನು?"

ಅಕ್ಕ ತಾವೇ ಗಂಟು ಬಿಚ್ಚಿದರು. ಬೆರಳು ಒದ್ದೆ ಮಾಡಿಕೊಂಡರು. "ನನ್ನ ತಮ್ಮಂದು ಅದ. ಮೊದಲ ನಾ ಹಚ್ಕೋತೀನಿ" ಎಂದು ತಿಕ್ಕಿ ಹಣೆಗೆ ಎಳೆದುಕೊಂಡರು. ಆಮೇಲೆ ಗಟ್ಟಿಯನ್ನು ನನ್ನ ಕಡೆ ಸರಿಸಿದರು. (ಅಕ್ಕನ ಚೀಲದಲ್ಲಿ ಅವರದೇ ಬೇರೆ ವಿಭೂತಿ ಇತ್ತು. ಮರಳುವಾಗ ಕಂಡೆ. ಕೇಳಲಿಲ್ಲ.)

ನಾನೂ ಮೂರು ಬೆರಳು ತಿಕ್ಕಿದೆ. ತಗ್ಗು ನನ್ನ ಬೆರಳಿಗೆ ಸ್ವಲ್ಪ ಅಗಲ.

ಈಗ ಮನೆಯಲ್ಲೂ ಇದನ್ನೇ ಹಚ್ಚಿಕೊಳ್ಳುತ್ತೇನೆ, ಗಟ್ಟಿ ದಿನಾ ಸವೆಯುತ್ತಿದೆ. ಇದೂ ನನ್ನದೂ ಮುಗಿದ ದಿನ, ಅವರು ತರುತ್ತಿದ್ದ ಹಾಗೆ, ಅಂಗಡಿಗೆ ಹೋಗಿ ಹೊಸದನ್ನು ಕೇಳಬೇಕಾದವಳು ನಾನೇ ಅಲ್ಲವೇ?